ಸ್ವತಂತ್ರ ಪಕ್ಷಕ್ಕೆ ಓಟು ಹಾಕಿದವರು ಯಾರು? ಹುಡುಕುವ ದಾರಿ ಹೀಗಿದೆ

ನಾನು ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿ ನಿವೃತ್ತಿಯಾದವಳು. ಈಗಲೂ ಎಂ.ಎ. ಓದುವ ಮಕ್ಕಳು ಪ್ರಬಂಧಕ್ಕೆ ವಿಷಯ ಕೇಳಿಕೊಂಡು ಮನೆಗೆ ಬರುತ್ತಾರೆ. ಪಕ್ಷಗಳ ಇತಿಹಾಸ ಮಾಡಬೇಕು ಅಂದವರಿಗೆ ನಾನು ಹೇಳುವುದು ಒಂದೇ ಹೆಸರು: ಸ್ವತಂತ್ರ ಪಕ್ಷ. ಕಾಂಗ್ರೆಸ್ಸಿನ ಸಮಾಜವಾದ ಬೇಡ ಎಂದು ರಾಜಾಜಿ (ಸಿ. ರಾಜಗೋಪಾಲಾಚಾರಿ) ಮತ್ತು ಜೊತೆಗಾರರು ಕಟ್ಟಿದ ಪಕ್ಷ ಇದು. 1959ರಲ್ಲಿ ಹುಟ್ಟಿತು. 1967ರಲ್ಲಿ ಲೋಕಸಭೆಯ ಅತಿ ದೊಡ್ಡ ವಿರೋಧ ಪಕ್ಷವಾಯಿತು. 1974ರಲ್ಲಿ ಚರಣ್ ಸಿಂಗ್ ಅವರ ಭಾರತೀಯ ಲೋಕದಳದೊಳಗೆ ಸೇರಿಹೋಯಿತು. ಹುಟ್ಟು, ಏರು, ಇಳಿತ ಎಲ್ಲ ಹದಿನೈದು ವರ್ಷದೊಳಗೆ. ಒಂದು ಪ್ರಬಂಧದಲ್ಲಿ ಪೂರ್ತಿ ಹಿಡಿಯುವ ಬದುಕು ಇದು.

ಆದರೆ ನನ್ನ ಕೈಗೆ ಬರುವ ಬರಹಗಳಲ್ಲಿ ಜಾಸ್ತಿ ಏನಿರುತ್ತದೆ ಗೊತ್ತಾ? ರಾಜಾಜಿಯವರ ವಿಚಾರಗಳ ಸಾರಾಂಶ. ಅದರ ಕೊನೆಗೆ 'ಹೀಗಾಗಿ ಜನ ಈ ಪಕ್ಷವನ್ನು ಬೆಂಬಲಿಸಿದರು' ಎಂಬ ಒಂದು ಸಾಲು. ಈ 'ಹೀಗಾಗಿ' ನನಗೆ ಒಪ್ಪಿಗೆಯಾಗುವುದಿಲ್ಲ. ಪಕ್ಷ ಏನು ಹೇಳಿತು ಎಂಬುದು ಒಂದು ಪ್ರಶ್ನೆ. ಜನ ಯಾಕೆ ಓಟು ಹಾಕಿದರು ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಗ್ರಂಥಾಲಯದಲ್ಲಿ ಕೂತರೆ ಉತ್ತರ ಸಿಗುತ್ತದೆ. ಎರಡನೆಯದಕ್ಕೆ ಕ್ಷೇತ್ರ ಕ್ಷೇತ್ರವಾಗಿ ಹುಡುಕಬೇಕು. ಆ ಹುಡುಕಾಟ ಹೇಗೆ ಮಾಡುವುದು ಎಂದು ಇಲ್ಲಿ ಬರೆಯುತ್ತಿದ್ದೇನೆ.

ನಾಗಪುರದಿಂದ ಶುರು ಮಾಡಿ

1959ರ ಜನವರಿಯಲ್ಲಿ ನಾಗಪುರದಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಅಲ್ಲಿ ಒಂದು ನಿರ್ಣಯವಾಯಿತು. ಹಳ್ಳಿಗಳಲ್ಲಿ ಸಹಕಾರಿ ಜಂಟಿ ಬೇಸಾಯ ಬರಬೇಕು, ಜಮೀನಿಗೆ ಮಿತಿ ಇರಬೇಕು, ಧಾನ್ಯದ ವ್ಯಾಪಾರವನ್ನು ಸರ್ಕಾರ ನಡೆಸಬೇಕು. ಈ ನಿರ್ಣಯವನ್ನು ಮೊದಲು ಪೂರ್ತಿ ಓದಿ. ಸ್ವಂತ ಜಮೀನಿದ್ದ ರೈತನ ಕಣ್ಣಿನಿಂದ ಓದಿ. 'ನನ್ನ ಹೊಲದ ಬದು ಹೋಗುತ್ತದಾ?' ಎಂಬ ಹೆದರಿಕೆ ಎಲ್ಲಿಂದ ಬಂತು ಎಂದು ಆಗ ತಿಳಿಯುತ್ತದೆ.

ಆಂಧ್ರದ ರೈತ ನಾಯಕ ಎನ್.ಜಿ. ರಂಗಾ ಈ ವಿಷಯದಲ್ಲೇ ಕಾಂಗ್ರೆಸ್ ಬಿಟ್ಟರು. ಅದೇ ವರ್ಷ ಜೂನ್ 4ರಂದು ಮದ್ರಾಸಿನಲ್ಲಿ ಹೊಸ ಪಕ್ಷದ ಘೋಷಣೆಯಾಯಿತು. ಆಗಸ್ಟ್‌ನಲ್ಲಿ ಬೊಂಬಾಯಿಯಲ್ಲಿ ಸಮಾವೇಶ ನಡೆಯಿತು. ರಂಗಾ ಅಧ್ಯಕ್ಷರು, ಮಿನೂ ಮಸಾನಿ ಪ್ರಧಾನ ಕಾರ್ಯದರ್ಶಿ. ಎಲ್ಲರಿಗೂ ಹಿರಿಯರಾಗಿ ರಾಜಾಜಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ, ಸ್ವತಂತ್ರ ಭಾರತದ ಗವರ್ನರ್ ಜನರಲ್ ಆಗಿದ್ದ ಮನುಷ್ಯ ಎಂಬತ್ತನೇ ವಯಸ್ಸಿನಲ್ಲಿ ತಾವು ಬದುಕು ಸವೆಸಿದ ಪಕ್ಷದ ಎದುರು ಇನ್ನೊಂದನ್ನು ಕಟ್ಟಲು ಹೊರಟರು. ಈ ಧೈರ್ಯಕ್ಕೆ ನನಗೆ ಇವತ್ತಿಗೂ ಗೌರವವಿದೆ.

ಈಗ ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ. ಮೊದಲನೆಯದು ಪಟ್ಟಣದ ಉದ್ಯಮಿಗಳು. ಬೊಂಬಾಯಿಯಲ್ಲಿ 1956ರಲ್ಲೇ ಶುರುವಾಗಿದ್ದ ಫೋರಂ ಆಫ್ ಫ್ರೀ ಎಂಟರ್‌ಪ್ರೈಸ್ ಇಲ್ಲಿಗೆ ಬರುತ್ತದೆ. 1961ರಲ್ಲಿ ಜೆ.ಆರ್.ಡಿ. ಟಾಟಾ ಅವರು ನೆಹರೂಗೆ ಪತ್ರ ಬರೆದು, ಕಾಂಗ್ರೆಸ್ ಜೊತೆಗೆ ಈ ಪಕ್ಷಕ್ಕೂ ಹಣ ಕೊಡುತ್ತೇವೆ ಎಂದು ನೇರವಾಗಿ ತಿಳಿಸಿದ್ದೂ ಇಲ್ಲಿಗೇ. ಎರಡನೆಯದು ಜಮೀನಿದ್ದ ರೈತರು: ರಂಗಾ ಅವರ ಬೆಂಬಲಿಗರು, ಗುಜರಾತಿನ ಖೇಡಾ ಜಿಲ್ಲೆಯ ಪಾಟೀದಾರ ಎಂಬ ಬೇಸಾಯಗಾರ ಜಾತಿಯವರು. ಮೂರನೆಯದು ಹಳೆಯ ಸಂಸ್ಥಾನದವರು: ಜೈಪುರದ ಗಾಯತ್ರಿ ದೇವಿ, ಆಗಿನ ಬಿಹಾರದ ರಾಮಗಢದ ರಾಜ, ಒಡಿಶಾದ ಹಳೆಯ ರಾಜರ ಪಕ್ಷವಾದ ಗಣತಂತ್ರ ಪರಿಷತ್. ಬ್ರಿಟಿಷರ ಕಾಲದ ಐ.ಸಿ.ಎಸ್. ಸೇವೆಯಿಂದ ನಿವೃತ್ತರಾದ ಅಧಿಕಾರಿಗಳೂ, ಸಂಸ್ಥಾನಗಳ ವಿಲೀನದಲ್ಲಿ ದುಡಿದು ಬೆಂಗಳೂರಿನಲ್ಲಿ ನೆಲೆಸಿದ್ದ ವಿ.ಪಿ. ಮೆನನ್ ಥರದವರೂ ಅಂಚಿನಲ್ಲಿ ಬರಲಿ. ಮುಂದೆ ಯಾವ ಹೆಸರು ಸಿಕ್ಕಿದರೂ ಈ ಹಾಳೆಗೆ ಸೇರಿಸುತ್ತಾ ಹೋಗಿ. ಈ ಮೂರು ಗುಂಪಿಗೂ ಕಾಂಗ್ರೆಸ್ ಮೇಲೆ ಸಿಟ್ಟಿತ್ತು. ಸಿಟ್ಟಿಗೆ ಕಾರಣ ಮಾತ್ರ ಒಂದೇ ಆಗಿರಲಿಲ್ಲ. ಪಕ್ಷದ ಬಲವೂ ಕಷ್ಟವೂ ಅಲ್ಲೇ ಇತ್ತು.

ತತ್ವಗಳನ್ನು ಪೆನ್ಸಿಲ್ ಹಿಡಿದು ಓದಿ

ಪಕ್ಷದ ತತ್ವಗಳ ಹೇಳಿಕೆಯಲ್ಲಿ 21 ಅಂಶಗಳಿವೆ. ಇಂಡಿಯನ್ ಲಿಬರಲ್ಸ್ ಎಂಬ ಜಾಲತಾಣದಲ್ಲಿ ಪಕ್ಷದ ಹಳೆಯ ಕಾಗದಪತ್ರಗಳು ಬೇಕಾದಷ್ಟಿವೆ. ಓದುವಾಗ ಪ್ರತಿ ಅಂಶದ ಪಕ್ಕದಲ್ಲೂ 'ಇದರಿಂದ ಯಾರಿಗೆ ಅನುಕೂಲ?' ಎಂದು ಬರೆದುಕೊಳ್ಳಿ. ಆಸ್ತಿಯ ಹಕ್ಕು, ಜಂಟಿ ಬೇಸಾಯ ಬೇಡ, ತೆರಿಗೆ ಕಡಿಮೆಯಾಗಲಿ, ಪರ್ಮಿಟ್ ಲೈಸೆನ್ಸ್ ಕಾಟ ತಪ್ಪಲಿ ಇವೆಲ್ಲ ಬೇಗ ಹೊಂದುತ್ತವೆ. 'ಪರ್ಮಿಟ್ ಲೈಸೆನ್ಸ್ ಕೋಟಾ ರಾಜ್' ಎಂಬ ಮಾತನ್ನು ದೇಶದ ಬಾಯಲ್ಲಿ ಕೂರಿಸಿದವರೇ ರಾಜಾಜಿ.

ಒಂದು ಅಂಶವನ್ನು ಮಾತ್ರ ನಿಧಾನವಾಗಿ ಓದಿ. ಮೂಲ ತತ್ವಗಳಿಗೆ ಸೇರದ ವಿಷಯಗಳಲ್ಲಿ ಸದಸ್ಯರು ತಮ್ಮ ಮನಸ್ಸಿಗೆ ತೋಚಿದಂತೆ ನಡೆಯಬಹುದು ಎಂದು ಪಕ್ಷ ಒಪ್ಪಿಕೊಂಡಿತ್ತು. ಪಕ್ಷ ಹೇಳಿದಂತೆಯೇ ಸದನದಲ್ಲಿ ಮತ ಹಾಕಬೇಕೆಂಬ ಇವತ್ತಿನ ವಿಪ್ ಕಾಲದಲ್ಲಿ ನಂಬುವುದೇ ಕಷ್ಟ ಅಲ್ವಾ? ಗುಂಟೂರಿನ ರೈತ, ಜೈಪುರದ ರಾಣಿ, ಬೊಂಬಾಯಿಯ ವಕೀಲ ಒಂದೇ ಚಪ್ಪರದಡಿ ಕೂತದ್ದು ಈ ಸಡಿಲಿನಿಂದಲೇ.

ಇದು ಸಂಪ್ರದಾಯವಾದಿ ಪಕ್ಷವೋ ಉದಾರವಾದಿ ಪಕ್ಷವೋ ಎಂದು ಮಕ್ಕಳು ಕೇಳುತ್ತಾರೆ. ರಾಜಾಜಿಗೆ ಧರ್ಮ, ಮಿತವ್ಯಯ, ಹಳೆಯದನ್ನು ಆತುರದಲ್ಲಿ ಕೆಡವದಿರುವುದು ಮುಖ್ಯ. 1934ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷ ಕಟ್ಟಿದವರಲ್ಲಿ ಒಬ್ಬರಾಗಿದ್ದು, ಆಮೇಲೆ ಪೂರ್ತಿ ತಿರುಗಿದ ಮಸಾನಿಗೆ ವ್ಯಕ್ತಿಯ ಸ್ವಾತಂತ್ರ್ಯ ಮುಖ್ಯ. ನಾಯಕರ ಬಗ್ಗೆ ಬರೆಯುವಾಗ ಎರಡೂ ಇರಲಿ. ಮತದಾರರ ಬಗ್ಗೆ ಬರೆಯುವಾಗ ಈ ಚರ್ಚೆ ಬಿಟ್ಟುಬಿಡಿ.

ಅಂಕಿಗಳನ್ನು ಮೂರು ಸಲ ಜರಡಿ ಹಿಡಿಯಿರಿ

ಚುನಾವಣಾ ಆಯೋಗದ ಜಾಲತಾಣದಲ್ಲಿ 1951ರಿಂದ ಈಚಿನ ಎಲ್ಲ ಸಾರ್ವತ್ರಿಕ ಚುನಾವಣೆಗಳ ವರದಿ ಉಚಿತವಾಗಿ ಸಿಗುತ್ತವೆ. 1962, 1967, 1971ರ ಲೋಕಸಭಾ ವರದಿ ಇಳಿಸಿಕೊಳ್ಳಿ. ಪಕ್ಷದ ಹೆಸರು ಅಲ್ಲಿ 'ಎಸ್‌ಡಬ್ಲ್ಯೂಎ' ಎಂದಿರುತ್ತದೆ. ಚಿಹ್ನೆ ನಕ್ಷತ್ರ.

ಮೊದಲ ಸಲ ಇಡೀ ದೇಶದ ಲೆಕ್ಕ ತೆಗೆಯಿರಿ. 1962ರಲ್ಲಿ 18 ಸೀಟು, ಶೇ. 7.9 ಮತ. 1967ರಲ್ಲಿ 44 ಸೀಟು, ಶೇ. 8.7 ಮತ. 1971ರಲ್ಲಿ 8 ಸೀಟು, ಶೇ. 3.1 ಮತ. ಬಹಳ ಜನ ಇಲ್ಲಿಗೇ ನಿಲ್ಲಿಸಿ, '1967ರಲ್ಲಿ ಪಕ್ಷದ ಜನಪ್ರಿಯತೆ ಎರಡು ಪಟ್ಟು ದಾಟಿತು' ಎಂದು ಬರೆದುಬಿಡುತ್ತಾರೆ. ಮತ ನೋಡಿ, ಒಂದು ಶೇಕಡಾ ಕೂಡ ಏರಿಲ್ಲ. ಸೀಟು ಮಾತ್ರ ಏರಿದೆ. ಅಂದರೆ ಓಟು ಚದುರದೆ ಕೆಲವೇ ಕಡೆ ಗಟ್ಟಿಯಾಗಿ ಸೇರಿತು, ಬೇರೆ ವಿರೋಧ ಪಕ್ಷಗಳ ಜೊತೆ ಹೊಂದಾಣಿಕೆಯೂ ಆಯಿತು. ಅದೇ ವರ್ಷ ಜನಸಂಘಕ್ಕೆ ಶೇ. 9.3 ಮತ ಬಂದಿತ್ತು. ಮತ ಹೆಚ್ಚು, ಸೀಟು ಮಾತ್ರ 35.

ಎರಡನೇ ಸಲ, ಸ್ಪರ್ಧಿಸಿದ ಕ್ಷೇತ್ರಗಳ ಲೆಕ್ಕ. 1967ರಲ್ಲಿ ಲೋಕಸಭೆಗೆ 520 ಸೀಟು. ಸ್ವತಂತ್ರ ಪಕ್ಷ ನಿಂತದ್ದು 180ಕ್ಕೂ ತುಸು ಕಡಿಮೆ ಕಡೆ. 8.7ನ್ನು 520ರಿಂದ ಗುಣಿಸಿ, ನಿಂತ ಕ್ಷೇತ್ರಗಳ ಸಂಖ್ಯೆಯಿಂದ ಭಾಗಿಸಿ. ನಿಂತ ಕಡೆಯಲ್ಲಿ ಸರಾಸರಿ ನಾಲ್ಕರಲ್ಲಿ ಒಂದು ಓಟು ಎಂದು ಬರುತ್ತದೆ. ಸುಮಾರು 250 ಕಡೆ ನಿಂತಿದ್ದ ಜನಸಂಘಕ್ಕೆ ಇದೇ ಲೆಕ್ಕ ಹಾಕಿದರೆ ಐದರಲ್ಲಿ ಒಂದರ ಹತ್ತಿರ. ಅಂದಾಜಿನ ಲೆಕ್ಕ ಇದು. ಆದರೆ ಪಕ್ಷದ ಬೇರು ಎಷ್ಟು ಆಳಕ್ಕಿತ್ತು ಎಂದು ದೇಶದ ಸರಾಸರಿಗಿಂತ ಚೆನ್ನಾಗಿ ಹೇಳುತ್ತದೆ.

ಇದೇ ಲೆಕ್ಕವನ್ನು 1971ಕ್ಕೂ ಮಾಡಿ. ಆಗ ಪಕ್ಷ ನಿಂತದ್ದು ಅರವತ್ತರ ಆಸುಪಾಸು ಕ್ಷೇತ್ರಗಳಲ್ಲಿ. ಅಲ್ಲೂ ಸರಾಸರಿ ನಾಲ್ಕರಲ್ಲಿ ಒಂದಕ್ಕಿಂತ ಕಡಿಮೆಯಾಗುವುದಿಲ್ಲ! ಹಾಗಾದರೆ ಜನ ಕೈಬಿಡಲಿಲ್ಲವೇ? ಬಿಟ್ಟಿದ್ದರು. ಆ ಸಲ ಸಂಸ್ಥಾ ಕಾಂಗ್ರೆಸ್ (1969ರಲ್ಲಿ ಒಡೆದ ಕಾಂಗ್ರೆಸ್ಸಿನ ಇಂದಿರಾ ವಿರೋಧಿ ಬಣ), ಜನಸಂಘ, ಸಂಯುಕ್ತ ಸಮಾಜವಾದಿಗಳ ಜೊತೆ ಮಹಾಮೈತ್ರಿ ಇತ್ತು. ನಕ್ಷತ್ರಕ್ಕೆ ಬಿದ್ದ ಓಟಿನಲ್ಲಿ ಅವರ ಪಾಲೂ ಇತ್ತು. ಲೆಕ್ಕ ಸರಿಯಿದ್ದರೂ ಅರ್ಥ ತಪ್ಪಬಹುದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಅಂಕಿ ಬರೆಯುವ ಮುನ್ನ ಆ ಚುನಾವಣೆಯಲ್ಲಿ ಯಾರು ಯಾರಿಗೆ ಕ್ಷೇತ್ರ ಬಿಟ್ಟುಕೊಟ್ಟರು ಎಂದು ಹಳೆಯ ಪತ್ರಿಕೆಗಳಲ್ಲಿ ನೋಡಲೇಬೇಕು.

ಮೂರನೇ ಸಲ ರಾಜ್ಯವಾರು ಬಿಡಿಸಿ. 1967ರ 44ರಲ್ಲಿ ಗುಜರಾತ್ 12, ರಾಜಸ್ಥಾನ 8, ಒಡಿಶಾ 8, ಮದ್ರಾಸ್ 6, ಮೈಸೂರು 5, ಆಂಧ್ರ 3, ಉತ್ತರ ಪ್ರದೇಶ ಮತ್ತು ಮಧ್ಯ ಪ್ರದೇಶ ಒಂದೊಂದು. 1962ರಲ್ಲಿ 7 ಸೀಟು ಕೊಟ್ಟಿದ್ದ ಬಿಹಾರ ಈ ಪಟ್ಟಿಯಲ್ಲೇ ಇಲ್ಲ. ಯಾಕೆಂದರೆ ರಾಮಗಢದ ರಾಜ ನಡುವೆ ಪಕ್ಷ ಬಿಟ್ಟಿದ್ದರು. ಅವರ ಜೊತೆ ಓಟೂ ಹೋಯಿತು. 1962ರಲ್ಲಿ ಬಿಹಾರ ವಿಧಾನಸಭೆಯಲ್ಲಿ 50 ಶಾಸಕರಿದ್ದ ಪಕ್ಷದ ಕಥೆ ಇದು. ಬಿಹಾರದ ಮತದಾರರಿಗೆ ಮುಕ್ತ ಆರ್ಥಿಕತೆ ಇಷ್ಟವಾಗಿತ್ತು ಎಂದು ಬರೆಯುವ ಮುನ್ನ ಈ ಒಂದು ಸಾಲು ನೆನಪಿಡಿ.

ಗುಜರಾತ್ ಬೇರೆ. ಅಲ್ಲಿ ವಲ್ಲಭ ವಿದ್ಯಾನಗರ ಕಟ್ಟಿದ ಭಾಯಿಲಾಲ್‌ಭಾಯಿ ಪಟೇಲ್ ಪಾಟೀದಾರ ರೈತರನ್ನೂ ಕ್ಷತ್ರಿಯ ಸಭೆಯ ಜನರನ್ನೂ ಒಟ್ಟಿಗೆ ತಂದರು. 1967ರಲ್ಲಿ ವಿಧಾನಸಭೆಯ 168ರಲ್ಲಿ 66 ಸೀಟು ಬಂದವು. ಪಕ್ಷದ ಆರ್ಥಿಕ ಮಾತಿಗೂ ಮತದಾರನ ಹೊಲಕ್ಕೂ ನೇರ ನಂಟಿದ್ದ ರಾಜ್ಯ ಇದು ಎಂದು ನನ್ನ ಅಭಿಪ್ರಾಯ. ಒಡಿಶಾದಲ್ಲಿ ಬೊಲಂಗೀರ್ ಕಡೆಯ ಹಳೆಯ ಸಂಸ್ಥಾನಗಳ ಬಲದಿಂದ 140ರಲ್ಲಿ 49 ಬಂದು, ಆರ್.ಎನ್. ಸಿಂಗ್ ದೇವ್ ಅವರು 'ಜನ ಕಾಂಗ್ರೆಸ್' ಎಂಬ ಪಕ್ಷದ ಜೊತೆ ಸೇರಿ ಮುಖ್ಯಮಂತ್ರಿಯೇ ಆದರು. ಮದ್ರಾಸಿನ ಆರು ಸೀಟು ಡಿಎಂಕೆ ಜೊತೆಗಿನ ಮೈತ್ರಿಯಿಂದ ಬಂದವು.

ನಮ್ಮ ಐದು ಕ್ಷೇತ್ರಗಳು

ಕನ್ನಡದ ವಿದ್ಯಾರ್ಥಿಗಳಿಗೆ ನಾನು ಕೊಡುವ ಕೆಲಸ ಇದು. 1967ರಲ್ಲಿ ಮೈಸೂರು ರಾಜ್ಯದ 27 ಲೋಕಸಭಾ ಸೀಟುಗಳಲ್ಲಿ ಐದನ್ನು ನಕ್ಷತ್ರ ಗೆದ್ದಿತು: ಉಡುಪಿಯಲ್ಲಿ ಜೆ.ಎಂ. ಲೋಬೋ ಪ್ರಭು, ಚಿತ್ರದುರ್ಗದಲ್ಲಿ ಜೆ. ಮೊಹಮ್ಮದ್ ಇಮಾಮ್, ಹಾಸನದಲ್ಲಿ ಎನ್. ಶಿವಪ್ಪ, ಬಿಜಾಪುರದಲ್ಲಿ ಜಿ.ಡಿ. ಪಾಟೀಲ್, ರಾಯಚೂರಿನಲ್ಲಿ ರಾಜಾ ವೆಂಕಟಪ್ಪ ನಾಯಕ್. ನಕ್ಷೆಯ ಮೇಲೆ ಗುರುತು ಹಾಕಿ. ಕರಾವಳಿ, ಬಯಲುಸೀಮೆ, ಮಲೆನಾಡಿನ ಅಂಚು, ಹಳೆಯ ಬೊಂಬಾಯಿ ಪ್ರಾಂತ್ಯ, ಹಳೆಯ ಹೈದರಾಬಾದ್. ಒಂದಕ್ಕೊಂದು ಅಂಟಿಕೊಂಡ ಪ್ರದೇಶವಲ್ಲ. ಒಂದೇ ಜಾತಿಯ, ಒಂದೇ ಬೆಳೆಯ ಸೀಮೆಯೂ ಅಲ್ಲ.

ಈಗ ಒಂದು ಕ್ಷೇತ್ರ ಆರಿಸಿಕೊಂಡು ಮೂರು ಬಗೆಯ ಓಟನ್ನು ಬೇರೆ ಮಾಡಲು ನೋಡಿ. ಅಭ್ಯರ್ಥಿಯ ಮುಖ ನೋಡಿ ಬಿದ್ದ ಓಟು, ಕಾಂಗ್ರೆಸ್ ಮೇಲಿನ ಸಿಟ್ಟಿನ ಓಟು, ಪಕ್ಷದ ಮಾತು ಒಪ್ಪಿ ಹಾಕಿದ ಓಟು.

ಮುಖದ ಓಟು ಗೊತ್ತಾಗುವುದು ಅಭ್ಯರ್ಥಿಯ ಹಿಂದಿನ ಚುನಾವಣೆಗಳಿಂದ. ಮೊಹಮ್ಮದ್ ಇಮಾಮ್ 1957ರಲ್ಲಿ ಅದೇ ಚಿತ್ರದುರ್ಗದಿಂದ ಪ್ರಜಾ ಸೋಷಲಿಸ್ಟ್ ಪಕ್ಷದಿಂದ ಗೆದ್ದವರು. ಹತ್ತು ವರ್ಷದ ಮೇಲೆ ಅದೇ ಮನುಷ್ಯ ಸಮಾಜವಾದವನ್ನು ವಿರೋಧಿಸುವ ಪಕ್ಷದಿಂದ ಗೆಲ್ಲುತ್ತಾರೆ. ಅಲ್ಲಿನ ಮತದಾರ ನೋಡಿದ್ದು ಇಮಾಮ್ ಸಾಹೇಬರನ್ನು ಎಂದು ಹೇಳಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ರಾಯಚೂರಿನ ಅಭ್ಯರ್ಥಿಯ ಹೆಸರಿನ ಮುಂದೆ 'ರಾಜಾ' ಇದೆ. ಆ ಸೀಮೆಯಲ್ಲಿ ಆ ಹೆಸರಿಗೆ ಎಷ್ಟು ತೂಕ ಎಂದು ಊರವರನ್ನೇ ಕೇಳಿ. ಲೋಬೋ ಪ್ರಭು ಐ.ಸಿ.ಎಸ್. ಅಧಿಕಾರಿಯಾಗಿದ್ದವರು. ಉಡುಪಿ ಆರಿಸಿಕೊಂಡರೆ ಗೇಣಿಯ ವಿಷಯ ಬಿಡಬೇಡಿ. ಭೂ ಮಾಲೀಕರಿಗೂ ಗೇಣಿದಾರರಿಗೂ ಆ ಜಿಲ್ಲೆಯಲ್ಲಿ ಅದು ಜೀವನ್ಮರಣದ ಮಾತಾಗಿತ್ತು. ನನ್ನ ಮನಸ್ಸು ಈ ವಿಷಯದಲ್ಲಿ ಉಳುವವನ ಕಡೆಗಿದೆ, ಪಕ್ಷದ ಕಡೆಗಲ್ಲ. ಹಾಗಿದ್ದರೂ ಜಮೀನು ಹೋಗುತ್ತದೆ ಎಂದು ಹೆದರಿದವರ ಮಾತನ್ನೂ ಪೂರ್ತಿ ಬರೆಯಿರಿ ಎಂದೇ ಹೇಳುತ್ತೇನೆ.

ಸಿಟ್ಟಿನ ಓಟಿಗೆ ಒಂದು ಸುಲಭ ಪರೀಕ್ಷೆಯಿದೆ. 1967ರಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೇ ಚುನಾವಣೆಯಾಯಿತು. ಲೋಕಸಭೆಯ 27ರಲ್ಲಿ 5 ಗೆದ್ದ ಪಕ್ಷ ವಿಧಾನಸಭೆಯ 216ರಲ್ಲಿ ಗೆದ್ದದ್ದು 16. ಒಂದೇ ದಿನ, ಒಂದೇ ಮತಗಟ್ಟೆ. ಒಂದು ಚೀಟಿಯಲ್ಲಿ ನಕ್ಷತ್ರ, ಇನ್ನೊಂದರಲ್ಲಿ ಬೇರೆ ಗುರುತು ಒತ್ತಿದವರು ಬಹಳ ಜನ ಇರಲೇಬೇಕು. ನಿಮ್ಮ ಕ್ಷೇತ್ರದೊಳಗಿನ ವಿಧಾನಸಭಾ ಸೀಟುಗಳಲ್ಲಿ ಯಾರು ಗೆದ್ದರು ನೋಡಿ. ಅಲ್ಲಿ ಪಕ್ಷೇತರರೋ ಸಮಾಜವಾದಿಗಳೋ ಗೆದ್ದಿದ್ದರೆ, ಲೋಕಸಭೆಯ ಓಟು ಕಾಂಗ್ರೆಸ್ ಬೇಡ ಎನ್ನುವ ಓಟು. ಅಲ್ಲೂ ನಕ್ಷತ್ರವೇ ಗೆದ್ದಿದ್ದರೆ ಪಕ್ಷಕ್ಕೆ ಆ ತಾಲ್ಲೂಕಿನಲ್ಲಿ ನಿಜವಾದ ಸಂಘಟನೆ ಇತ್ತು ಎಂದು ತಿಳಿಯಬಹುದು.

ಹಿರಿಯರನ್ನು ಕೇಳುವ ರೀತಿ

ಆಗ ಓಟು ಹಾಕಿದವರಿಗೆ ಈಗ ಎಂಬತ್ತರ ಆಚೆಯ ವಯಸ್ಸು. ತಡ ಮಾಡಬೇಡಿ. ಪ್ರಬಂಧದ ಉಳಿದ ಕೆಲಸ ಆಮೇಲೆ ಮಾಡಿದರೂ ನಡೆಯುತ್ತದೆ, ಇದನ್ನು ಮೊದಲು ಮಾಡಿ.

'ಸ್ವತಂತ್ರ ಪಕ್ಷಕ್ಕೆ ಯಾಕೆ ಓಟು ಹಾಕಿದಿರಿ?' ಎಂದು ನೇರವಾಗಿ ಕೇಳಬೇಡಿ. ಮೊದಲು ಮಳೆ ಬೆಳೆ ಕೇಳಿ. 1965, 66ರ ಬರದಲ್ಲಿ ಮನೆಯಲ್ಲಿ ಏನು ತಿಂದಿರಿ, ರೇಷನ್ ಅಂಗಡಿ ಎಲ್ಲಿತ್ತು, ಲೆವಿ (ಸರ್ಕಾರಕ್ಕೆ ಕಡ್ಡಾಯವಾಗಿ ಕೊಡಬೇಕಿದ್ದ ಧಾನ್ಯ) ಎಷ್ಟು ಕೊಟ್ಟಿರಿ, ಬಾವಿಗೆ ಪಂಪು ಹಾಕಿಸಲು ಯಾರ ಹತ್ತಿರ ಹೋಗಬೇಕಿತ್ತು ಎಂದು ಕೇಳಿ. ಆಮೇಲೆ ಊರಿಗೆ ಓಟು ಕೇಳಲು ಯಾರು ಬಂದಿದ್ದರು, ಯಾರ ಮನೆಯಲ್ಲಿ ಕೂತರು ಎಂದು ಕೇಳಿ. ಕೊನೆಗೆ ಗುರುತು ಕೇಳಿ. ಪಕ್ಷದ ಹೆಸರು ಮರೆತವರಿಗೂ ನಕ್ಷತ್ರ ನೆನಪಿರುತ್ತದೆ.

ನಮ್ಮದು ಹಾಸನ ತಾಲ್ಲೂಕಿನ ಶಾಂತಿಗ್ರಾಮದ ಕಡೆ. ರಾಗಿ, ಆಲೂಗಡ್ಡೆ ಬೆಳೆಯುವ ಮನೆ. ನಮ್ಮಪ್ಪ 67ರಲ್ಲಿ ನಕ್ಷತ್ರಕ್ಕೆ ಒತ್ತಿದವರು. ಯಾಕಪ್ಪಾ ಎಂದು ಮುಂದೆ ಕೇಳಿದಾಗ, 'ನಮ್ಮ ಕಣದ ರಾಗಿನ ನಾವೇ ಅಳೆಯಂಗಿಲ್ಲ ಅಂದ್ರೆ ಹೆಂಗೆ' ಅಂದಿದ್ದರು. ಮಸಾನಿ ಯಾರು ಎಂದು ಅವರಿಗೆ ಗೊತ್ತಿರಲಿಲ್ಲ. ರಾಜಾಜಿ ಹೆಸರು ಗೊತ್ತಿತ್ತು, 'ಗಾಂಧಿ ಜೊತೆ ಇದ್ದವರು' ಎಂದು. ನನ್ನ ಲೆಕ್ಕದಲ್ಲಿ ಇದು ಪಕ್ಷದ ಮಾತು ಒಪ್ಪಿ ಹಾಕಿದ ಓಟೇ. ಪ್ರಣಾಳಿಕೆ ಓದದಿದ್ದರೂ ಅದರಲ್ಲಿದ್ದ ಮಾತನ್ನೇ ಅವರು ತಮ್ಮ ಕಣದಲ್ಲಿ ನಿಂತು ಹೇಳಿದ್ದರು. ಇಂಥ ಒಂದೊಂದು ಮಾತು ಸಿಕ್ಕಾಗಲೂ ಹಾಗೇ, ಅವರ ಬಾಯಿಯ ಕನ್ನಡದಲ್ಲೇ ಬರೆದುಕೊಳ್ಳಿ. ನಿಮ್ಮ ಶಿಷ್ಟ ಭಾಷೆಗೆ ತಿರುಗಿಸಬೇಡಿ.

ಒಂದು ಎಚ್ಚರಿಕೆ. ಹಿರಿಯರ ನೆನಪಿನಲ್ಲಿ 1967, 1971, 1977 ಬೆರೆತಿರುತ್ತವೆ. ಮಾತಿನ ನಡುವೆ ತುರ್ತು ಪರಿಸ್ಥಿತಿ ಬಂದರೆ ಅದು ಜನತಾ ಪಕ್ಷದ ಚುನಾವಣೆ. ಬ್ಯಾಂಕ್ ಸಾಲ, ಇಂದಿರಾಗಾಂಧಿ ಬಂದರೆ ಎಪ್ಪತ್ತೊಂದು. ಮನೆಯಲ್ಲಿ ಯಾರ ಮದುವೆ ಯಾವಾಗ, ಯಾರು ಹುಟ್ಟಿದ್ದು ಯಾವಾಗ ಎಂದು ಕೇಳಿ ವರ್ಷ ಹೊಂದಿಸಿಕೊಳ್ಳಿ. ಹೆಂಗಸರನ್ನು ಬೇರೆಯಾಗಿ ಕೂರಿಸಿ ಕೇಳಿ. ಗಂಡಸರು ಪಕ್ಕದಲ್ಲಿದ್ದರೆ ಅವರೇ ಉತ್ತರ ಕೊಡುತ್ತಾರೆ.

ಇಳಿತವನ್ನು ಬರೆಯುವಾಗ

1969ರಲ್ಲಿ ಕಾಂಗ್ರೆಸ್ ಒಡೆಯಿತು, 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ ಆರ್.ಸಿ. ಕೂಪರ್ ಸ್ವತಂತ್ರ ಪಕ್ಷದವರು, ವಾದಿಸಿದವರು ನಾನಿ ಪಾಲ್ಖಿವಾಲಾ. 1970ರಲ್ಲಿ ಕೇಸು ಗೆದ್ದರು. ಹಳೆಯ ರಾಜರಿಗೆ ಸರ್ಕಾರ ಕೊಡುತ್ತಿದ್ದ ರಾಜಧನದ ರದ್ದತಿಯ ವಿಷಯದಲ್ಲೂ ನ್ಯಾಯಾಲಯ ಸರ್ಕಾರದ ವಿರುದ್ಧ ತೀರ್ಪು ಕೊಟ್ಟಿತು. ಕೋರ್ಟಿನಲ್ಲಿ ಗೆಲುವು, ಬೀದಿಯಲ್ಲಿ ಸೋಲು. 'ಗರೀಬಿ ಹಟಾವೋ' ಎಂಬ ಮಾತಿನ ಎದುರು ಬ್ಯಾಂಕ್ ಮಾಲೀಕರ ಪರವಾಗಿಯೂ ರಾಜರ ಪರವಾಗಿಯೂ ನಿಂತ ಪಕ್ಷ ಎಂಬ ಹೆಸರು ಅಂಟಿಕೊಂಡಿತು. ರಾಗಿ ಲೆವಿಗೆ ಸಿಟ್ಟಾಗಿದ್ದ ರೈತನಿಗೆ ರಾಜಧನ ಕಟ್ಟಿಕೊಂಡು ಏನಾಗಬೇಕು? ನೀವು ಮೊದಲೇ ಎಳೆದಿದ್ದ ಮೂರು ಕಾಲಂಗಳು ಬೇರೆ ಬೇರೆ ದಿಕ್ಕಿಗೆ ಹೋದದ್ದು ಇಲ್ಲೇ. 1971ರಲ್ಲಿ ಒಡಿಶಾ 3, ರಾಜಸ್ಥಾನ 3, ಗುಜರಾತ್ 2, ಅಷ್ಟೇ ಉಳಿದವು. ನಮ್ಮಲ್ಲಿ ಇಪ್ಪತ್ತೇಳೂ ಇಂದಿರಾ ಕಾಂಗ್ರೆಸ್ಸಿಗೆ ಹೋದವು. 1972ರ ಡಿಸೆಂಬರ್ 25ರಂದು ರಾಜಾಜಿ ತೀರಿಕೊಂಡರು. ರಂಗಾ ಕಾಂಗ್ರೆಸ್ಸಿಗೇ ಮರಳಿದರು.

ಪಕ್ಷವನ್ನು ಮತ್ತೆ ಎಬ್ಬಿಸಲು ಯಾರೂ ಯತ್ನಿಸಲಿಲ್ಲವೇ ಎಂದು ಪರೀಕ್ಷಕರು ಕೇಳಬಹುದು. 1989ರಲ್ಲಿ ಜನಪ್ರತಿನಿಧಿ ಕಾಯಿದೆಗೆ 29ಎ ಎಂಬ ಕಲಂ ಸೇರಿತು. ಅದರ ಪ್ರಕಾರ ನೋಂದಣಿಯಾಗುವ ಪ್ರತಿ ಪಕ್ಷವೂ ಸಮಾಜವಾದಕ್ಕೆ ನಿಷ್ಠೆ ತೋರಿಸುವುದಾಗಿ ಬರೆದುಕೊಡಬೇಕು. ಸ್ವತಂತ್ರ ಪಕ್ಷದ ಹಳಬರಾದ ಎಸ್.ವಿ. ರಾಜು ಇದನ್ನು ಪ್ರಶ್ನಿಸಿ ಬಾಂಬೆ ಹೈಕೋರ್ಟಿಗೆ ಹೋದರು. ಸಮಾಜವಾದ ಬೇಡ ಎಂದೇ ಹುಟ್ಟಿದ ಪಕ್ಷ ಆ ಮಾತನ್ನು ಬರೆದುಕೊಡುವುದಾದರೂ ಹೇಗೆ? ಈ ಕಲಂ ಅನ್ಯಾಯದ್ದು ಎಂದು ನನ್ನ ಗಟ್ಟಿ ಅಭಿಪ್ರಾಯ. ಸಮಾಜವಾದವನ್ನು ಒಪ್ಪುವವರೂ ಇದನ್ನು ಒಪ್ಪಬಾರದು.

ಇಷ್ಟಾದ ಮೇಲೆ ಉಳಿಯುವ ಕೆಲಸ ಒಂದು. ನೀವು ಆರಿಸಿಕೊಂಡ ಕ್ಷೇತ್ರದಲ್ಲಿ 1972, 1977, 1978ರ ಚುನಾವಣೆಗಳ ಅಭ್ಯರ್ಥಿಗಳ ಪಟ್ಟಿ ತೆಗೆದು, 1967ರಲ್ಲಿ ನಕ್ಷತ್ರದ ಕೆಳಗೆ ನಿಂತಿದ್ದವರು ಮತ್ತು ಅವರ ಮನೆಯವರು ಆಮೇಲೆ ಯಾವ ಪಕ್ಷದಲ್ಲಿ ಕಾಣಿಸಿಕೊಂಡರು ಎಂದು ಒಬ್ಬೊಬ್ಬರನ್ನಾಗಿ ಹುಡುಕಿ. ಕೆಲವರು ಜನತಾ ಪಕ್ಷದಲ್ಲಿ ಸಿಗಬಹುದು, ಕೆಲವರು ಕಾಂಗ್ರೆಸ್ಸಿನಲ್ಲೇ ಸಿಗಬಹುದು, ಕೆಲವರು ಎಲ್ಲೂ ಸಿಗದೆ ಹೋಗಬಹುದು. ಮೂರನ್ನೂ ಪಟ್ಟಿಯಲ್ಲಿ ಬರೆಯಿರಿ. ಸಿಗದವರ ಊರಿಗೆ ಒಂದು ಸಲ ಹೋಗಿ ಬನ್ನಿ.